ದುಡ್ಡಿನ ಗೆರೆ ದಾಟಿದ ಮೇಲೆ

ಕುಂದಾಪುರ, ಬೈಂದೂರು, ಬ್ರಹ್ಮಾವರ ಕಡೆಯ ಸುದ್ದಿಪುಟಗಳಲ್ಲಿ ಇಸ್ಪೀಟು ಎಂಬ ಶಬ್ದ ಕಣ್ಣಿಗೆ ಬೀಳುವುದು ಹೆಚ್ಚಾಗಿ ಒಂದೇ ಬಗೆಯ ಸುದ್ದಿಯಲ್ಲಿ. ಹಾಡಿಯ ಅಂಚಿನಲ್ಲೋ ಹಳೇ ಕಟ್ಟಡದ ಹಿಂದೆಯೋ ಅಂದರ್-ಬಾಹರ್ ಆಡುತ್ತಿದ್ದವರ ಮೇಲೆ ಪೊಲೀಸ್ ದಾಳಿ. ಇಷ್ಟು ಮಂದಿ ವಶಕ್ಕೆ, ಇಷ್ಟು ನಗದು ಜಪ್ತಿ. ಅಂದರ್-ಬಾಹರ್‌ನಲ್ಲಿ ತಲೆಗೆ ಕೆಲಸವೇ ಇಲ್ಲ. ಎಲೆ ಒಳಗೆ ಬೀಳುತ್ತದೋ ಹೊರಗೆ ಬೀಳುತ್ತದೋ, ಅಲ್ಲಿಗೆ ಮುಗಿಯಿತು. ಆದರೆ ಅದೇ 52 ಎಲೆಗಳ ಕಟ್ಟನ್ನು ಮುಂದಿಟ್ಟುಕೊಂಡು 2024ರ ಬೇಸಗೆಯಲ್ಲಿ ಅಮೆರಿಕದ ಲಾಸ್ ವೇಗಸ್‌ನಲ್ಲಿ 10,112 ಮಂದಿ ತಲಾ 10,000 ಡಾಲರ್ ಕಟ್ಟಿ ಕುಳಿತರು. ಅದು ಪೋಕರ್‌ನ ವಿಶ್ವ ಸರಣಿಯ ಮುಖ್ಯ ಪಂದ್ಯ. 1970ರಿಂದ ನಡೆದುಬಂದಿರುವ ಈ ಸರಣಿಯಲ್ಲಿ ಆ ವರ್ಷ ಬಹುಮಾನ ಸಿಕ್ಕಿದ್ದು 1,517 ಮಂದಿಗೆ. ಗೆದ್ದ ಜೊನಾಥನ್ ತಮಾಯೊ ಅವರಿಗೆ ಒಂದು ಕೋಟಿ ಡಾಲರ್.

ಬಹುಮಾನದ ಪಟ್ಟಿಯ ತುದಿ ನೋಡಿದವರು ಬುಡವನ್ನೂ ನೋಡಬೇಕು. ಪಟ್ಟಿಯ ಕೊನೆಯ ಸಾಲಿನಲ್ಲಿದ್ದವರಿಗೆ ಸಿಕ್ಕಿದ್ದು 15,000 ಡಾಲರ್. ಕಟ್ಟಿದ್ದು ಕಳೆದರೆ ಉಳಿದದ್ದು 5,000. ಒಂಬತ್ತನೆಯವರಿಗೆ 10 ಲಕ್ಷ, ಎಂಟನೆಯವರಿಗೆ 12.5 ಲಕ್ಷ, ಮೂರನೆಯವರಿಗೆ 40 ಲಕ್ಷ, ಎರಡನೆಯವರಿಗೆ 60 ಲಕ್ಷ. ಸಾವಿರಾರು ಮಂದಿಯನ್ನು ಹಿಂದೆ ಹಾಕಿ ಪಟ್ಟಿಯ ಬಾಗಿಲು ಮುಟ್ಟಿದವರಿಗೆ ಐದು ಸಾವಿರದ ಲಾಭ, ಎರಡರಿಂದ ಒಂದಕ್ಕೆ ಏರಿದವರಿಗೆ 40 ಲಕ್ಷದ ಜಿಗಿತ.

ಈ ಪಟ್ಟಿಯಲ್ಲೇ ಟೂರ್ನಮೆಂಟ್ ಪೋಕರ್‌ನ ಅರ್ಧ ಪಾಠವಿದೆ. ಒಬ್ಬರು ಇಂಥ ನೂರು ಪಂದ್ಯ ಆಡಿದರು ಎನ್ನೋಣ. ಸರಾಸರಿ ಆಟಗಾರ ನೂರರಲ್ಲಿ ಹದಿನೈದು ಸಲ ಬಹುಮಾನದ ಪಟ್ಟಿಗೆ ಬರುತ್ತಾನೆ. ಇವರು ಜಾಣರು, ಇಪ್ಪತ್ತು ಸಲ ಬಂದರು. ಆದರೆ ಪ್ರತಿ ಸಲವೂ ಗೆರೆ ದಾಟಿದ ಕೂಡಲೇ ಔಟ್. ಕಟ್ಟಿದ್ದು 10 ಲಕ್ಷ ಡಾಲರ್, ಬಂದದ್ದು ಇಪ್ಪತ್ತು ಹದಿನೈದು ಸಾವಿರ, ಅಂದರೆ 3 ಲಕ್ಷ. ಸ್ನೇಹಿತರ ಬಳಿ "ನಾನು ಐದರಲ್ಲಿ ಒಂದು ಪಂದ್ಯದಲ್ಲಿ ದುಡ್ಡು ಮಾಡುತ್ತೇನೆ" ಎಂದು ಹೇಳಿಕೊಳ್ಳುವ ಈ ಮನುಷ್ಯ 7 ಲಕ್ಷ ಕಳೆದುಕೊಂಡಿದ್ದಾನೆ. ಗೆರೆ ದಾಟುವುದೇ ಗುರಿ ಎಂದುಕೊಂಡವರೆಲ್ಲ ಸಿಕ್ಕಿಬೀಳುವ ಜಾಗ ಇದು.

ಆಟ ಗೊತ್ತಿಲ್ಲದವರಿಗಾಗಿ ಎರಡು ಮಾತು. ಹೆಚ್ಚು ಚಾಲ್ತಿಯಲ್ಲಿರುವ ಟೆಕ್ಸಾಸ್ ಹೋಲ್ಡೆಮ್‌ನಲ್ಲಿ ಪ್ರತಿಯೊಬ್ಬರಿಗೂ ಎರಡು ಎಲೆ ಗುಟ್ಟಾಗಿ, ಮೇಜಿನ ನಡುವೆ ಐದು ಎಲೆ ಎಲ್ಲರಿಗೂ ಸೇರಿ. ಇವುಗಳಲ್ಲಿ ಒಳ್ಳೆಯ ಐದನ್ನು ಜೋಡಿಸಿದವರು ಗೆದ್ದರು. ಇಲ್ಲವೇ ಪಣ ಏರಿಸಿ ಉಳಿದವರೆಲ್ಲ ಎಲೆ ಬಿಸಾಡುವಂತೆ ಮಾಡಿದವರು ಗೆದ್ದರು. ಬಟನ್ ಎಂಬ ಗುರುತಿನ ಎಡಕ್ಕೆ ಕುಳಿತ ಇಬ್ಬರು ಎಲೆ ನೋಡುವ ಮೊದಲೇ ಇಡಬೇಕಾದ ಪಣಕ್ಕೆ ಬ್ಲೈಂಡ್ ಎನ್ನುತ್ತಾರೆ. ಟೂರ್ನಮೆಂಟಿನಲ್ಲಿ ಎಲ್ಲರಿಗೂ ಮೊದಲು ಒಂದೇ ಸಮನಾದ ಚಿಪ್ಸ್, ಅಂದರೆ ಪಣದ ಬಿಲ್ಲೆಗಳು. ಗಂಟೆಗೊಮ್ಮೆಯೋ ಅರ್ಧ ಗಂಟೆಗೊಮ್ಮೆಯೋ ಬ್ಲೈಂಡ್ ಏರುತ್ತದೆ. ಚಿಪ್ಸ್ ಮುಗಿದವರು ಎದ್ದು ಹೋಗುತ್ತಾರೆ. ಕರಾವಳಿಯಲ್ಲಿ ಇಪ್ಪತ್ತೆಂಟು ಆಡಿ ಬೆಳೆದವರಿಗೆ ಇದು ತೀರಾ ಅಪರಿಚಿತವೇನಲ್ಲ. ಗುಲಾಮನಿಗೆ ಮೂರು, ಒಂಬತ್ತಕ್ಕೆ ಎರಡು, ಎಕ್ಕಕ್ಕೂ ಹತ್ತಕ್ಕೂ ಒಂದೊಂದು ಎಂದು ಲೆಕ್ಕ ಹಿಡಿದು, ಯಾರ ಕೈಯಲ್ಲಿ ಏನಿರಬಹುದೆಂದು ಅವರು ಹೇಳಿದ ಅಂಕದಿಂದಲೇ ಊಹಿಸುವವರಿಗೆ ಪೋಕರ್‌ನ ಅರ್ಧ ವಿದ್ಯೆ ಬಂದಹಾಗೆಯೇ. ಇನ್ನರ್ಧ ಬೇರೆ ಕಡೆಯಿದೆ.

ಕುಂದಾಪುರದ ಸುತ್ತಮುತ್ತ ಬೇಸಗೆ ರಾತ್ರಿಗಳಲ್ಲಿ ನಡೆಯುವ ಟೆನಿಸ್ ಬಾಲ್ ಕ್ರಿಕೆಟ್ ಟೂರ್ನಮೆಂಟ್ ಇಲ್ಲಿ ಹೋಲಿಕೆಗೆ ಒದಗುತ್ತದೆ. ಅಲ್ಲಿ ಫೈನಲ್ ತಲುಪಬೇಕಾದರೆ ಎದುರು ಬಂದ ತಂಡವನ್ನು ಸೋಲಿಸಲೇಬೇಕು. ಸುಮ್ಮನೆ ಪೆಂಡಾಲಿನಲ್ಲಿ ಕುಳಿತರೆ ಯಾರೂ ಸೆಮಿಫೈನಲ್‌ಗೆ ಕರೆಯುವುದಿಲ್ಲ. ಪೋಕರ್ ಟೂರ್ನಮೆಂಟಿನಲ್ಲಿ ಕರೆಯುತ್ತಾರೆ. ಉಳಿದ ಇಬ್ಬರು ಬಡಿದಾಡಿ ಒಬ್ಬ ಹೊರಬಿದ್ದರೆ, ಎಲೆ ಬಿಸಾಡಿ ಕಾಫಿ ಕುಡಿಯುತ್ತಿದ್ದವನೂ ಒಂದು ಮೆಟ್ಟಿಲು ಮೇಲೆ ಹೋಗಿರುತ್ತಾನೆ. ಇದನ್ನು ಲೆಕ್ಕಕ್ಕೆ ತಂದದ್ದು ಒಂದು ಕುತೂಹಲದ ಕಥೆ.

1973ರಲ್ಲಿ ಡೇವಿಡ್ ಹಾರ್ವಿಲ್ ಎಂಬ ಸಂಖ್ಯಾಶಾಸ್ತ್ರಜ್ಞ ಕುದುರೆ ಜೂಜಿಗೆ ಸಂಬಂಧಿಸಿದ ಒಂದು ಸೂತ್ರ ಪ್ರಕಟಿಸಿದರು. ಒಂದೊಂದು ಕುದುರೆಯೂ ಮೊದಲು ಬರುವ ಸಂಭವ ಗೊತ್ತಿದ್ದರೆ, ಎರಡನೆಯದಾಗಿ, ಮೂರನೆಯದಾಗಿ ಬರುವ ಸಂಭವವನ್ನು ಹೇಗೆ ಕಂಡುಹಿಡಿಯುವುದು ಎಂಬ ಲೆಕ್ಕ ಅದು. 1987ರಲ್ಲಿ ಮೇಸನ್ ಮಾಲ್ಮತ್ ಎಂಬ ಲೇಖಕ ಅದೇ ದಾರಿಯ ಲೆಕ್ಕವನ್ನು ಪೋಕರ್‌ಗೆ ಒಗ್ಗಿಸಿದರು. ಒಬ್ಬನ ಬಳಿ ಒಟ್ಟು ಚಿಪ್ಸಿನ ಎಷ್ಟು ಪಾಲಿದೆಯೋ ಅವನು ಮೊದಲು ಬರುವ ಸಂಭವ ಅಷ್ಟು. ಅಲ್ಲಿಂದ ಎರಡನೇ, ಮೂರನೇ ಸ್ಥಾನಗಳ ಲೆಕ್ಕ. ಆಟಗಾರರು ಇದನ್ನು ಐಸಿಎಂ ಎಂದು ಕರೆಯುತ್ತಾರೆ. ಗಂಭೀರವಾಗಿ ಆಡುವವರಲ್ಲಿ ಇದು ಗೊತ್ತಿಲ್ಲದವರು ಇಲ್ಲ ಎನ್ನಬಹುದು.

ಲೆಕ್ಕ ಮಾಡಿಯೇ ನೋಡಬೇಕು. ಒಂದು ಲಕ್ಷ ರೂಪಾಯಿ ಬಹುಮಾನ, ಮೊದಲಿಗೆ 50,000, ಎರಡನೆಯದಕ್ಕೆ 30,000, ಮೂರನೆಯದಕ್ಕೆ 20,000. ಕೊನೆಯ ಮೂವರು ಉಳಿದಿದ್ದಾರೆ. ಕುಂದಾಪುರದವರ ಬಳಿ ಚಿಪ್ಸಿನ ಅರ್ಧ, ಬೈಂದೂರಿನವರ ಬಳಿ ಶೇ 30, ಬ್ರಹ್ಮಾವರದವರ ಬಳಿ ಶೇ 20. ಆಟ ಅಲ್ಲಿಗೇ ನಿಲ್ಲಿಸಿ ದುಡ್ಡು ಹಂಚಿಕೊಳ್ಳೋಣ ಎಂದರೆ ಯಾರಿಗೆಷ್ಟು? ಚಿಪ್ಸಿನ ಪ್ರಕಾರ ಕುಂದಾಪುರದವರು 50,000 ಕೇಳಬಹುದು. ಆದರೆ ಅದು ಗೆದ್ದರೆ ಮಾತ್ರ ಸಿಗುವ ಮೊತ್ತ, ಅವರಿನ್ನೂ ಗೆದ್ದಿಲ್ಲ. ಐಸಿಎಂ ಪ್ರಕಾರ ಅವರ ಪಾಲು 38,393 ರೂಪಾಯಿ, ಬೈಂದೂರಿನವರದ್ದು 32,750, ಬ್ರಹ್ಮಾವರದವರದ್ದು 28,857. ಚಿಪ್ಸ್ ಎರಡೂವರೆ ಪಟ್ಟು ಇದ್ದರೂ ದುಡ್ಡಿನ ಬೆಲೆ ಒಂದೂವರೆ ಪಟ್ಟೂ ಆಗಲಿಲ್ಲ. ದೊಡ್ಡ ಪಂದ್ಯಗಳ ಕೊನೆಯಲ್ಲಿ ಆಟಗಾರರು ಒಪ್ಪಂದ ಮಾಡಿಕೊಳ್ಳುವಾಗ ಹೆಚ್ಚಾಗಿ ಈ ಲೆಕ್ಕವನ್ನೇ ಮುಂದಿಡುತ್ತಾರೆ. ತಿಳಿಯದವನು ಕೈಕುಲುಕಿ ಸಾವಿರಾರು ರೂಪಾಯಿ ಬಿಟ್ಟುಕೊಟ್ಟು ಬರುತ್ತಾನೆ.

ಗಳಿಸಿದ ಚಿಪ್ಸಿಗಿಂತ ಕಳೆದುಕೊಂಡ ಚಿಪ್ಸ್ ದುಬಾರಿ. ಇದರ ಬಿಸಿ ಅತಿ ಹೆಚ್ಚು ತಟ್ಟುವುದು ಬಬಲ್‌ನಲ್ಲಿ, ಅಂದರೆ ಇನ್ನೊಬ್ಬ ಹೊರಬಿದ್ದರೆ ಉಳಿದವರೆಲ್ಲ ಬಹುಮಾನದ ಪಟ್ಟಿಗೆ ಬರುವ ಹೊತ್ತಿನಲ್ಲಿ. ಮೇಲಿನ ಪಂದ್ಯದಲ್ಲೇ ಮೂವರ ಬದಲು ನಾಲ್ವರು, ನಾಲ್ಕನೆಯವರು ಹೆಬ್ರಿಯವರು, ಎಲ್ಲರ ಚಿಪ್ಸ್ ಸಮಸಮ ಎಂದುಕೊಳ್ಳಿ. ಪ್ರತಿಯೊಬ್ಬರ ಪಾಲಿನ ಬೆಲೆ 25,000. ಹೆಬ್ರಿಯವರು ಇದ್ದಬದ್ದ ಚಿಪ್ಸೆಲ್ಲ ಮುಂದೆ ತಳ್ಳಿ ಆಲ್-ಇನ್ ಎಂದರು. ಕುಂದಾಪುರದವರ ಕೈಯಲ್ಲಿ ಎರಡು ರಾಣಿ. ಹೆಬ್ರಿಯವರು ಎಕ್ಕ-ರಾಜ ಹಿಡಿದಿದ್ದಾರೆಂದು ಹೇಗೋ ಖಚಿತವಾಗಿ ಗೊತ್ತು. ಎರಡು ರಾಣಿಗೆ ಎಕ್ಕ-ರಾಜದ ಎದುರು ಗೆಲುವು ನೂರರಲ್ಲಿ 54ರಿಂದ 57 ಸಲ. ಮನೆಯ ಆಟದಲ್ಲಾದರೆ ಯಾರೂ ಬಿಡುವುದಿಲ್ಲ.

ಇಲ್ಲಿ ಬಿಡಬೇಕು. ಗೆದ್ದರೆ ಚಿಪ್ಸ್ ಎರಡು ಪಟ್ಟಾಗುತ್ತದೆ, ಆದರೆ ಅದರ ಬೆಲೆ 50,000 ಅಲ್ಲ, 38,333. ಸೋತರೆ ಸೊನ್ನೆ. 25,000ದ ಬೆಲೆಯನ್ನು ಪಣಕ್ಕಿಟ್ಟು 13,333 ಗಳಿಸುವ ಈ ವ್ಯಾಪಾರ ಸರಿಹೋಗಬೇಕಾದರೆ ನೂರರಲ್ಲಿ 65 ಸಲಕ್ಕಿಂತ ಹೆಚ್ಚು ಗೆಲ್ಲುವ ಕೈ ಬೇಕು. ಎರಡು ರಾಣಿಗೆ ಆ ತಾಕತ್ತಿಲ್ಲ. ಹಾಗೊಮ್ಮೆ ಅವರಿಬ್ಬರು ಬಡಿದಾಡಿದರೆ ಯಾರಿಗೆ ಲಾಭ? ಎಲೆ ಮುಟ್ಟದೆ ಕುಳಿತ ಬೈಂದೂರು, ಬ್ರಹ್ಮಾವರದವರಿಗೆ. ಯಾರು ಗೆದ್ದರೂ ಇವರ ಪಾಲು 25,000ದಿಂದ 30,833ಕ್ಕೆ ಏರುತ್ತದೆ. "ಎರಡು ರಾಣಿ ಬಂದ್ರೂ ಬಿಡ್ಕಾ ಮಾರಾಯ್ರೆ?" ಎಂದು ಕೇಳುವವರಿಗೆ ಕಾಗದದ ಮೇಲಿನ ಉತ್ತರ ಇಷ್ಟೇ.

ಇಷ್ಟು ಕೇಳಿದವರು ಮುದುಡಿ ಕೂರಲು ಹೊರಟರೆ ಮತ್ತೆ ಆ 7 ಲಕ್ಷ ಕಳೆದುಕೊಂಡವನ ಸಾಲಿಗೇ ಸೇರುತ್ತಾರೆ. ಬಬಲ್‌ನ ಲೆಕ್ಕ ಬೇರೊಬ್ಬರ ಆಲ್-ಇನ್‌ಗೆ ಒಪ್ಪಿಕೊಳ್ಳಬೇಡಿ ಎನ್ನುತ್ತದೆಯೇ ಹೊರತು ಪಣ ಏರಿಸಬೇಡಿ ಎನ್ನುವುದಿಲ್ಲ. ಎಲ್ಲರೂ ಬಿಡಲು ಕಾಯುತ್ತಿರುವಾಗ ಮೊದಲು ಪಣ ಏರಿಸಿದವನಿಗೆ ಲಾಭ. ಬ್ಲೈಂಡ್ 500 ಮತ್ತು 1,000, ಜೊತೆಗೆ ಆಂಟಿ ಎಂಬ ಕಡ್ಡಾಯ ಪಣ 1,000, ಒಟ್ಟು 2,500 ಮೇಜಿನ ಮೇಲಿದೆ. ಒಬ್ಬ 2,200ಕ್ಕೆ ಏರಿಸಿದ. ಉಳಿದವರು ನೂರರಲ್ಲಿ 47 ಸಲ ಎಲೆ ಬಿಸಾಡಿದರೂ ಸಾಕು, ಅವನ ಕೈಯಲ್ಲಿ ಏನಿದೆ ಎಂಬುದೇ ಮುಖ್ಯವಲ್ಲ. ಗೆರೆಯ ಹತ್ತಿರ ಹೆದರಿದ ಮೇಜು ಅದಕ್ಕಿಂತ ಹೆಚ್ಚು ಸಲ ಬಿಸಾಡುತ್ತದೆ. ಹೀಗೆ ಸದ್ದಿಲ್ಲದೆ ಸೇರಿದ ಚಿಪ್ಸೇ ಮುಂದೆ ಕೊನೆಯ ಮೇಜಿನವರೆಗೆ ಒಯ್ಯುವುದು.

ಯಾರು ಯಾರನ್ನು ಹೆದರಿಸಬೇಕು ಎಂಬುದರಲ್ಲೂ ಒಂದು ನಾಜೂಕಿದೆ. ದೊಡ್ಡ ರಾಶಿಯವರ ಮೇಲೆ ಬೀಳಬಾರದು, ಅವರಿಗೆ ಒಪ್ಪಿಕೊಳ್ಳುವ ಶಕ್ತಿಯಿದೆ. ತೀರಾ ಸಣ್ಣ ರಾಶಿಯವರ ಮೇಲೂ ಬೀಳಬಾರದು, ಅವರಿಗೆ ಕಳೆದುಕೊಳ್ಳಲು ಏನೂ ಉಳಿದಿಲ್ಲ. ನಡುವಿನವರೇ ಅತಿ ಹೆಚ್ಚು ಕೈಕಟ್ಟಿಸಿಕೊಂಡವರು. ತಮಗಿಂತ ಸಣ್ಣವರು ಮೊದಲು ಹೋಗಲಿ ಎಂದು ಕಾಯುತ್ತಾ ಕೂರುವುದು ಅವರಿಗೆ ಅನಿವಾರ್ಯ. ಹಾಗಾಗಿ ದೊಡ್ಡ ರಾಶಿಯ ಜಾಣ ಆಟಗಾರ ಬಬಲ್ ಬೇಗ ಒಡೆಯಲಿ ಎಂದು ಬಯಸುವುದಿಲ್ಲ. ಒಂದು ಮೇಜಿನವರು ಇನ್ನೊಂದು ಮೇಜಿನಲ್ಲಿ ಯಾರಾದರೂ ಔಟಾಗಲಿ ಎಂದು ಬೇಕೆಂದೇ ನಿಧಾನಿಸುತ್ತಾರೆ. ಅದನ್ನು ತಪ್ಪಿಸಲು ಸಂಘಟಕರು ಈ ಹೊತ್ತಿನಲ್ಲಿ ಎಲ್ಲ ಮೇಜುಗಳಲ್ಲೂ ಒಂದೊಂದೇ ಕೈಯನ್ನು ಒಟ್ಟಿಗೆ ಆಡಿಸುತ್ತಾರೆ.

ಇನ್ನು ಚಿಪ್ಸ್ ಕರಗಿದವರ ಪಾಡು. ಇದರ ಬಗ್ಗೆ ಸ್ಪಷ್ಟವಾಗಿ ಬರೆದವರು ಡಾನ್ ಹ್ಯಾರಿಂಗ್ಟನ್. 1995ರಲ್ಲಿ ಮುಖ್ಯ ಪಂದ್ಯ ಗೆದ್ದ ಇವರು 2003ರಲ್ಲಿ 839 ಮಂದಿಯ ನಡುವೆ ಮೂರನೆಯವರಾಗಿ, 2004ರಲ್ಲಿ 2,576 ಮಂದಿಯ ನಡುವೆ ನಾಲ್ಕನೆಯವರಾಗಿ ಮುಗಿಸಿದರು. ಸತತ ಎರಡು ವರ್ಷ ಕೊನೆಯ ಮೇಜು ತಲುಪಿದ್ದನ್ನು ಬರೀ ಅದೃಷ್ಟ ಎನ್ನಲು ಬಾಯಿ ಬರುವುದಿಲ್ಲ. ಅವರು ಪ್ರಚಾರ ಮಾಡಿದ ಅಳತೆ ಸರಳ: ಕೈಯಲ್ಲಿರುವ ಚಿಪ್ಸನ್ನು ಒಂದು ಸುತ್ತಿನ ಕಡ್ಡಾಯ ಖರ್ಚಿನಿಂದ ಭಾಗಿಸಿ. ಬ್ಲೈಂಡ್ ಮತ್ತು ಆಂಟಿ ಸೇರಿ ಸುತ್ತಿಗೆ 2,500 ಹೋಗುವಲ್ಲಿ 12,000 ಇದ್ದವರಿಗೆ ಐದು ಸುತ್ತಿನ ಆಯುಸ್ಸೂ ಇಲ್ಲ. ಅಂಥವರು ಸಣ್ಣದಾಗಿ ಪಣ ಏರಿಸಿ ಆಮೇಲೆ ಬಿಟ್ಟುಕೊಡುವ ಆಟ ಆಡಬಾರದು; ಎಲ್ಲವನ್ನೂ ತಳ್ಳಬೇಕು, ಇಲ್ಲವೇ ಎಲೆ ಬಿಸಾಡಬೇಕು. ತಳ್ಳುವಾಗ ಮೊದಲಿಗರಾಗಿರಬೇಕು, ಎದುರಿನವರಿಗೆ ಬಿಡುವ ಅವಕಾಶ ಇರಬೇಕು. ಎಕ್ಕಗಳ ಜೋಡಿಗಾಗಿ ಕಾಯುವವರಿಗೆ ಅದು ಬರುವುದು 221 ಕೈಗಳಲ್ಲಿ ಒಮ್ಮೆ ಎಂದು ನೆನಪಿಸಿದರೆ ಸಾಕು.

1982ರ ಮುಖ್ಯ ಪಂದ್ಯದಲ್ಲಿ ಜಾಕ್ ಸ್ಟ್ರಾಸ್ ಒಂದೇ ಒಂದು ಚಿಪ್‌ಗೆ ಇಳಿದು ಅಲ್ಲಿಂದ ಗೆದ್ದದ್ದು ಪೋಕರ್ ಲೋಕದ ಮನೆಮಾತು. ಕಥೆ ನಿಜವೇ, ಆದರೆ ಅದನ್ನು ತಂತ್ರವೆಂದು ಹೇಳುವವರನ್ನು ನಂಬಬಾರದು. ಪ್ರತಿ ಸಲವೂ ನೂರರಲ್ಲಿ 80 ಗೆಲ್ಲುವ ಭಾರೀ ಕೈ ಹಿಡಿದೇ ಒಬ್ಬ ಐದು ಬಾರಿ ಎಲ್ಲವನ್ನೂ ಪಣಕ್ಕಿಟ್ಟರೂ ಐದನ್ನೂ ಗೆದ್ದು ಉಳಿಯುವ ಸಂಭವ ನೂರರಲ್ಲಿ 33 ಮಾತ್ರ. ಆಳಕ್ಕೆ ಹೋಗುವವರು ದೊಡ್ಡ ಬಡಿದಾಟಗಳನ್ನು ಎಣಿಸಿ ಎಣಿಸಿ ಖರ್ಚು ಮಾಡುವುದು ಇದಕ್ಕೇ.

ಬಹುಮಾನದ ಗೆರೆ ದಾಟಿದ ಕೂಡಲೇ ಮೇಜಿನ ಗಾಳಿ ಬದಲಾಗುತ್ತದೆ. ಗಂಟೆಗಟ್ಟಲೆ ಉಸಿರು ಬಿಗಿಹಿಡಿದವರು ಇನ್ನೇನಾದರೂ ಆಗಲಿ ಎಂದು ಚಿಪ್ಸ್ ಎರಚತೊಡಗುತ್ತಾರೆ. ಚೆನ್ನಾಗಿ ಆಡುವವರು ಆಗ ಸ್ವಲ್ಪ ಬಿಗಿಯಾಗಿ, ಒಳ್ಳೆಯ ಕೈಗಳಿಗೆ ಮಾತ್ರ ಒಪ್ಪಿಕೊಂಡು, ಆ ಎರಚಾಟದ ಫಸಲು ಕೊಯ್ಯುತ್ತಾರೆ. ಕೊನೆಯ ಮೇಜು ಹತ್ತಿರವಾದಂತೆ ಮತ್ತೆ ಬಬಲ್‌ನ ಲೆಕ್ಕ ಶುರು, ಏಕೆಂದರೆ ಒಂದೊಂದು ಮೆಟ್ಟಿಲಿನ ಎತ್ತರ ದೊಡ್ಡದಾಗುತ್ತದೆ. ಇಬ್ಬರೇ ಉಳಿದ ಮೇಲೆ ಐಸಿಎಂ ಮಾಯ: ಎರಡನೇ ಬಹುಮಾನ ಇಬ್ಬರಿಗೂ ಖಾತ್ರಿ, ಇನ್ನು ಚಿಪ್ಸೆಂದರೆ ಚಿಪ್ಸೇ. ಅಲ್ಲಿಯೂ ಎಣಿಸುತ್ತಾ ಕೂರುವವರು ಸೋಲುತ್ತಾರೆ. 2003ರಲ್ಲಿ 86 ಡಾಲರಿನ ಆನ್‌ಲೈನ್ ಅರ್ಹತಾ ಪಂದ್ಯದಿಂದ ಬಂದ ಅಕೌಂಟೆಂಟ್ ಕ್ರಿಸ್ ಮನಿಮೇಕರ್ ಕೊನೆಯಲ್ಲಿ ಅನುಭವಿ ಸ್ಯಾಮ್ ಫರ್ಹಾ ಎದುರು ಏನೂ ಇಲ್ಲದ ಕೈಯಲ್ಲಿ ಎಲ್ಲವನ್ನೂ ತಳ್ಳಿ ಎಲೆ ಬಿಡಿಸಿದ್ದು, ಕಡೆಗೆ 25 ಲಕ್ಷ ಡಾಲರ್ ಗೆದ್ದದ್ದು ಇಂಥ ಹೊತ್ತಿನಲ್ಲೇ.

ಇದೆಲ್ಲ ಕೌಶಲವೋ ಜೂಜೋ ಎಂಬ ಪ್ರಶ್ನೆಗೂ ಕರ್ನಾಟಕಕ್ಕೂ ಹಳೆಯ ನಂಟಿದೆ. ಭಾರತದಲ್ಲಿ ಈ ವಾದಕ್ಕೆ ಬುನಾದಿಯಾದ 1957ರ ಚಮಾರ್‌ಬಾಗ್‌ವಾಲಾ ಪ್ರಕರಣ ಹುಟ್ಟಿದ್ದು ಬೆಂಗಳೂರಿನಿಂದ ಹೊರಡುತ್ತಿದ್ದ 'ಸ್ಪೋರ್ಟಿಂಗ್ ಸ್ಟಾರ್' ಪತ್ರಿಕೆಯ ಪದಬಂಧ ಸ್ಪರ್ಧೆಯಿಂದ. 1963ರ ಕರ್ನಾಟಕ ಪೊಲೀಸ್ ಕಾಯ್ದೆ ಜೂಜಿನ ಅಡ್ಡೆ ನಡೆಸುವುದನ್ನೂ ಅಲ್ಲಿ ಆಡುವುದನ್ನೂ ಅಪರಾಧವೆಂದು ಹೇಳಿ, ಕೇವಲ ಕೌಶಲದ ಆಟಗಳಿಗೆ ವಿನಾಯಿತಿ ಕೊಟ್ಟಿತು. 2013ರಲ್ಲಿ ಇಂಡಿಯನ್ ಪೋಕರ್ ಅಸೋಸಿಯೇಷನ್ ತಂದ ಪ್ರಕರಣದಲ್ಲಿ ಕರ್ನಾಟಕ ಹೈಕೋರ್ಟ್, ಕೌಶಲದ ಆಟವಾಗಿ ಪೋಕರ್ ಆಡಿಸಲು ಕ್ಲಬ್ಬುಗಳಿಗೆ ಪರವಾನಗಿ ಬೇಕಿಲ್ಲ ಎಂದಿತು. 2017ರಲ್ಲಿ ಗುಜರಾತ್ ಹೈಕೋರ್ಟ್ ಇದಕ್ಕೆ ವಿರುದ್ಧ ದಿಕ್ಕು ಹಿಡಿಯಿತು. 2021ರ ಅಕ್ಟೋಬರ್‌ನಲ್ಲಿ ರಾಜ್ಯ ಸರ್ಕಾರ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. 2022ರ ಫೆಬ್ರುವರಿ 14ರಂದು ಹೈಕೋರ್ಟ್ ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ರದ್ದುಪಡಿಸಿತು. ಹಾವು-ಏಣಿಯಾಟ ಅಲ್ಲಿಗೂ ಮುಗಿಯಲಿಲ್ಲ. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿ, ರಾಷ್ಟ್ರಪತಿಗಳ ಅಂಕಿತ ಪಡೆದ ಕೇಂದ್ರದ ಕಾಯ್ದೆ, ಕೌಶಲ ಇರಲಿ ಇಲ್ಲದಿರಲಿ, ದುಡ್ಡಿನ ಆನ್‌ಲೈನ್ ಆಟ ಒದಗಿಸುವವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿವರೆಗೆ ದಂಡ ಎಂದಿತು. ಪೋಕರ್ ಮತ್ತು ರಮ್ಮಿ ಆ್ಯಪ್‌ಗಳು ದಿನಗಳೊಳಗೆ ದುಡ್ಡಿನಾಟ ನಿಲ್ಲಿಸಿದವು. ಕಾಯ್ದೆಯನ್ನು ಪ್ರಶ್ನಿಸಿ ಕರ್ನಾಟಕವೂ ಸೇರಿದಂತೆ ಬೇರೆ ಬೇರೆ ಹೈಕೋರ್ಟುಗಳಿಗೆ ಹೋದ ಅರ್ಜಿಗಳನ್ನು ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ತನ್ನಲ್ಲಿಗೆ ವರ್ಗಾಯಿಸಿಕೊಂಡಿತು.

ಕೌಶಲ ಇದೆ ಎಂಬುದರಲ್ಲಿ ಅನುಮಾನ ಕಡಿಮೆ. ಮೆಸಾಚುಸೆಟ್ಸ್‌ನ ಎಂಐಟಿ ಪೋಕರ್ ಸಿದ್ಧಾಂತದ ತರಗತಿ ನಡೆಸಿದೆ. ಕೋಯಿಕ್ಕೋಡ್‌ನ ಐಐಎಂ ಮ್ಯಾನೇಜ್‌ಮೆಂಟ್ ವಿದ್ಯಾರ್ಥಿಗಳಿಗೆ ಪೋಕರ್ ಆಧರಿಸಿದ ಸ್ಪರ್ಧಾತಂತ್ರದ ಪಾಠ ಇಟ್ಟಿತು. 2018ರಲ್ಲಿ ನಿಕಿತಾ ಲೂಥರ್ ಜೋಡಿ ಆಟದಲ್ಲಿ ಗೆದ್ದು, ವಿಶ್ವ ಸರಣಿಯ ಪಂದ್ಯ ಗೆದ್ದವರಿಗೆ ಕೊಡುವ ಕಂಕಣ ಪಡೆದ ಭಾರತದ ಮೊದಲ ಮಹಿಳೆಯಾದರು. ಆದರೆ ಕೌಶಲವಿದ್ದ ಮಾತ್ರಕ್ಕೆ ಕಿಸೆ ತುಂಬುತ್ತದೆ ಎಂದಲ್ಲ.

ನಮ್ಮ ಕರಾವಳಿಯಿಂದ ಕಾನೂನಿನ ಚೌಕಟ್ಟಿನಲ್ಲಿ ಕ್ಯಾಸಿನೊ ಮೇಜಿಗೆ ಕೂರಬೇಕೆಂದವರಿಗೆ ಹತ್ತಿರದ ತಾಣ ಗೋವಾ. ಬಾರ್ಕೂರು, ಕುಂದಾಪುರ, ಮೂಕಾಂಬಿಕಾ ರೋಡ್ ಬೈಂದೂರು ನಿಲ್ದಾಣಗಳನ್ನು ದಾಟುವ ಕೊಂಕಣ ರೈಲು ಸುಮಾರು ನಾಲ್ಕು ತಾಸಿನಲ್ಲಿ ಮಡಗಾಂವ್ ತಲುಪಿಸುತ್ತದೆ. ಪಣಜಿಯಲ್ಲಿ ಮಾಂಡೋವಿ ನದಿಯ ಮೇಲೆ ಪರವಾನಗಿ ಪಡೆದ ಕ್ಯಾಸಿನೊ ಹಡಗುಗಳಿವೆ, 21 ತುಂಬಿದವರಿಗೆ ಪ್ರವೇಶ. ಈಗ ಲೆಕ್ಕ ಹಾಕಿ. ಕಟ್ಟಿದ ಶುಲ್ಕದಲ್ಲಿ ಒಂದು ಪಾಲು ಸಂಘಟಕರಿಗೆ ಹೋಗುತ್ತದೆ. ಕ್ಯಾಸಿನೊ ಮತ್ತು ಪಣದ ಆಟಗಳ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 40. ಗೆದ್ದ ಹಣಕ್ಕೆ ಶೇ 30ರ ಆದಾಯ ತೆರಿಗೆ, ಸೆಸ್ ಬೇರೆ. ರೈಲು, ಲಾಡ್ಜಿನ ಖರ್ಚನ್ನಾಗಲಿ ಹಿಂದಿನ ಪಂದ್ಯಗಳ ಸೋಲನ್ನಾಗಲಿ ಅದರಲ್ಲಿ ಕಳೆಯುವಂತಿಲ್ಲ. ಕಟ್ಟಿದ್ದಕ್ಕಿಂತ ಅರ್ಧ ಪಟ್ಟು ಹೆಚ್ಚು ಕೊಡುವ ಕೊನೆಯ ಬಹುಮಾನಕ್ಕೆ ಈ ಎಲ್ಲವನ್ನೂ ತೀರಿಸುವ ತಾಕತ್ತಿಲ್ಲ. ಅನುಭವಿಗಳೇ ಒಂದು ಪಂದ್ಯದ ಶುಲ್ಕದ ನೂರು ಪಟ್ಟು ಹಣ ಬೇರೆ ತೆಗೆದಿಡಿ ಎನ್ನುತ್ತಾರೆ. ಅಷ್ಟು ಇಟ್ಟವರಿಗೂ ತಿಂಗಳುಗಟ್ಟಲೆ ಬರೀ ಸೋಲು ಬರುವುದು ಸಾಮಾನ್ಯ.

ಆಟದ ರುಚಿಯೇ ಮುಖ್ಯ ಎನ್ನುವವರಿಗೆ ಅಗ್ಗದ ದಾರಿಯಿದೆ. ಹತ್ತು ಮಂದಿ ಗೆಳೆಯರು, ಎರಡು ಕಟ್ಟು ಎಲೆ, ಚಿಪ್ಸಿನ ಬದಲು ಹುಣಸೆ ಬೀಜ. ಹದಿನೈದು ನಿಮಿಷಕ್ಕೊಮ್ಮೆ ಬ್ಲೈಂಡ್ ಏರಿಸಿ. ಮೊದಲ ಮೂವರಿಗೆ 50, 30, 20 ಅಂಕ ಬರೆದಿಡಿ, ಉಳಿದವರಿಗೆ ಸೊನ್ನೆ. ನಾಲ್ವರು ಉಳಿದಾಗ ಯಾರು ಯಾವ ಕೈಗೆ ಒಪ್ಪಿಕೊಂಡರು, ಯಾವುದನ್ನು ಬಿಟ್ಟರು ಎಂಬುದನ್ನು ನೋಟ್‌ಬುಕ್ಕಿನಲ್ಲಿ ಗುರುತು ಮಾಡಿ, ಆಮೇಲೆ ಮೇಲೆ ಹೇಳಿದ ಲೆಕ್ಕಕ್ಕೆ ಹಚ್ಚಿ ನೋಡಿ. ಒಂದು ರೂಪಾಯಿಯನ್ನೂ ಪಣಕ್ಕಿಡಬೇಡಿ. ಕಾಯ್ದೆಯ ತಕರಾರು ಆಗ ಹುಟ್ಟುವುದಿಲ್ಲ. ಒಂದು ಮಳೆಗಾಲ ಹೀಗೆ ಆಡಿಯೂ ನಿಮ್ಮ ಅಂಕ ಗೆಳೆಯರಿಗಿಂತ ಸ್ಪಷ್ಟವಾಗಿ ಮುಂದಿಲ್ಲ ಎಂದಾದರೆ, ಗೋವಾದ ಟಿಕೆಟ್ ತೆಗೆಯುವುದಿದ್ದರೆ ಸಮುದ್ರ ನೋಡಲು ತೆಗೆಯಿರಿ, ಮೇಜಿಗೆ ಕೂರಲು ಬೇಡ.